ನಾಲ್ಕನೇ ಕ್ಲಾಸಿನ ಪ್ರಾಜೆಕ್ಟ್‌ಗಳಿಂದ ಮಕ್ಕಳು ನಿಜವಾಗಿ ಏನು ಕಲಿಯುತ್ತಾರೆ?

ಬನಶಂಕರಿ_ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ನಾಲ್ಕನೇ ಕ್ಲಾಸು, ಖಾಸಗಿ ಶಾಲೆ. ಈ ವರ್ಷ ಶಾಲೆಯವರು ಎಲ್ಲ ವಿಷಯಕ್ಕೂ ಪ್ರಾಜೆಕ್ಟ್ ಇಟ್ಟಿದ್ದಾರೆ. ಮಕ್ಕಳು ಮಾಡಿ ಕಲೀಬೇಕು, ಹೊಸ ಶಿಕ್ಷಣ ನೀತಿಯೂ ಇದನ್ನೇ ಹೇಳುತ್ತೆ ಅಂತ ಮೀಟಿಂಗ್‌ನಲ್ಲಿ ವಿವರಿಸಿದರು. ಕೇಳೋಕೆ ಚೆನ್ನಾಗಿಯೇ ಇತ್ತು.

ಈ ಸಲ ಬಂದಿದ್ದು 'ಮನೆಗಳ ವಿಧಗಳು'. ಗುರುವಾರ ಸಂಜೆ ಗ್ರೂಪಿನಲ್ಲಿ ಮೆಸೇಜ್, ಸೋಮವಾರ ಮಾಡೆಲ್ ಒಪ್ಪಿಸಬೇಕು. ನಮ್ಮ ಪಾಲಿಗೆ ಇಗ್ಲೂ. ಥರ್ಮಾಕೋಲ್ ಕತ್ತರಿಸಿದ್ದು ಅವಳಪ್ಪ, ಹತ್ತಿ ಅಂಟಿಸಿದ್ದು ನಾನು. ಅವಳು ಹೆಸರಿನ ಚೀಟಿ ಬರೆದಳು. 'ಎ ಪ್ಲಸ್' ಬಂತು. ಊಟಕ್ಕೆ ಕೂತಾಗ, 'ಹಿಮದ ಮನೆಯೊಳಗೆ ಜನ ಬೆಚ್ಚಗೆ ಹೇಗಿರ್ತಾರೆ?' ಅಂತ ಕೇಳಿದೆ. 'ಅದನ್ನ ಮಿಸ್ ಕೇಳಿರಲಿಲ್ಲ' ಅಂದಳು.

ಈ ಪದ್ಧತಿಯೇ ಚಿಕ್ಕ ಮಕ್ಕಳಿಗೆ ಆಗಿಬರೋದಿಲ್ಲವೋ, ಮಾಡಿಸುವ ರೀತಿ ಸರಿಯಿಲ್ಲವೋ? ಪಾಠ ಮಾಡುವವರು, ಮಕ್ಕಳನ್ನು ಓದಿಸುತ್ತಿರುವವರು ದಯವಿಟ್ಟು ಹೇಳಿ. ಮುಂದಿನ ಪೋಷಕರ ಸಭೆಯಲ್ಲಿ ಮಾತಾಡಬೇಕು ಅಂತಿದ್ದೇನೆ.

ಕರಾವಳಿ_ಅಪ್ಪ:
ನಮ್ಮನೆಯಲ್ಲೂ ಇದೇ ಕಥೆ. ಹೋದ ತಿಂಗಳು ಸೌರಮಂಡಲ. ಒಂಬತ್ತು ಗಂಟೆಗೆ ಬಣ್ಣ ತರೋಕೆ ಹೋಗಿದ್ದೆ.

ಚಾರ್ಟ್_ಅಂಗಡಿ:
ಶಾಲೆ ಪಕ್ಕದಲ್ಲೇ ನನ್ನ ಸ್ಟೇಷನರಿ ಅಂಗಡಿ. ನೋಡಿದ್ದನ್ನು ಹೇಳ್ತೀನಿ. ಅಂಗಡಿಗೆ ಬರೋದು ಮಕ್ಕಳಲ್ಲ, ಅಪ್ಪ-ಅಮ್ಮ. ಸ್ವಾತಂತ್ರ್ಯ ಹೋರಾಟಗಾರರ ಚಾರ್ಟು, ಹಣ್ಣುಗಳ ಚಾರ್ಟು, ವಾಹನಗಳ ಚಾರ್ಟು, ಎಲ್ಲಾ ಇದೆ. ಕತ್ತರಿಸಿ ಅಂಟಿಸಿದರೆ ಮುಗೀತು. ಹಿಂಭಾಗದಲ್ಲಿ ಒಬ್ಬೊಬ್ಬರ ಬಗ್ಗೆ ನಾಲ್ಕು ಸಾಲು ಅಚ್ಚು ಹಾಕಿರ್ತಾರೆ. ಅಂಟಿಸಿದ ಮೇಲೆ ಆ ನಾಲ್ಕು ಸಾಲು ಗೋಂದಿಗೆ ಹೋಗುತ್ತೆ, ಯಾರೂ ಓದಲ್ಲ. ರೆಡಿ ಮಾಡೆಲ್ ಕೇಳುವವರೂ ಇದ್ದಾರೆ. ವ್ಯಾಪಾರ ಬೇಡ ಅನ್ನೋಕಾಗಲ್ಲ, ಆದರೆ ನನ್ನ ಮಗನಿಗೆ ಇದನ್ನು ಮಾಡಿಸಲ್ಲ.

ನಿವೃತ್ತ_ಹೆಡ್‌ಮಾಸ್ಟರ್:
ಖಡಾಖಂಡಿತವಾಗಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಐದನೇ ಕ್ಲಾಸಿನ ಮಗುವಿಗೆ ಎರಡನೇ ಕ್ಲಾಸಿನ ಪಾಠ ಓದೋಕೆ ಬರ್ತಾ ಇಲ್ಲ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿ ಪ್ರಕಾರ, ದೇಶದ ಹಳ್ಳಿಗಳಲ್ಲಿ ಹಾಗೆ ಓದಬಲ್ಲ ಐದನೇ ತರಗತಿ ಮಕ್ಕಳು ನೂರಕ್ಕೆ 42.8. ಕೋವಿಡ್‌ಗೆ ಮುಂಚೆ, 2018ರಲ್ಲಿ 50.5 ಇತ್ತು. ಅರ್ಧಕ್ಕರ್ಧ ಮಕ್ಕಳಿಗೆ ಓದೇ ಬಾರದಿರುವಾಗ ಪ್ರಾಜೆಕ್ಟ್ ಅಂದರೆ ಅಡಿಪಾಯ ಹಾಕದೆ ತಾರಸಿ ಕಟ್ಟಿದ ಹಾಗೆ. ಮೊದಲು ಓದು, ಬರಹ, ಮಗ್ಗಿ. ಉಳಿದದ್ದು ಆಮೇಲೆ.

ಹಾವೇರಿ_ಮೇಷ್ಟ್ರು:
ಹೆಡ್‌ಮಾಸ್ಟರ್ ಸರ್, ಅಂಕಿ ಬಗ್ಗೆ ತಕರಾರಿಲ್ಲ. ಆದರೆ ಓದು, ಬರಹ, ಲೆಕ್ಕವನ್ನು ಪ್ರಾಜೆಕ್ಟ್ ಒಳಗೇ ಕಲಿಸೋಕೆ ಆಗುತ್ತೆ. ಮಕ್ಕಳ ಸಂತೆ ಗೊತ್ತಲ್ವಾ? ನಮ್ಮ ಕಡೆ ಸರ್ಕಾರಿ ಶಾಲೆಗಳಲ್ಲಿ ಮಾಡ್ತೇವೆ. ಸಾಮಾನ್ಯವಾಗಿ ಒಂದು ದಿನ ಸಂತೆ, ಫೋಟೋ, ಮುಗೀತು. ನಾನು ಅದನ್ನ ಎರಡು ವಾರದ ಕೆಲಸ ಮಾಡಿದೆ.

ಮೊದಲ ವಾರ ಪೂರ್ತಿ ತಯಾರಿ. ಪ್ರತಿ ಗುಂಪು ಏನು ಮಾರಬೇಕು ಅಂತ ತೀರ್ಮಾನಿಸಿ ದರಪಟ್ಟಿ ಬರೆಯಿತು. ಅಕ್ಷರ ತಪ್ಪಿದ್ದರೆ ತಿದ್ದಿ ಮತ್ತೆ ಬರೆಸಿದೆ. ಊರಿನವರಿಗೆ ಆಮಂತ್ರಣ ಬರೆದರು. ದಿನಾ ಅರ್ಧ ಗಂಟೆ ಕಾಗದದ ನೋಟು ಇಟ್ಟುಕೊಂಡು ಚಿಲ್ಲರೆ ಕೊಡುವ ಅಭ್ಯಾಸ.

ಸಂತೆ ದಿನ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಕೊತ್ತಂಬರಿ ಇಟ್ಟುಕೊಂಡು ಕೂತಿದ್ದಳು. ಹತ್ತು ರೂಪಾಯಿಗೆ ಮೂರು ಕಟ್ಟು. ಒಬ್ಬ ಅಜ್ಜ ಬಂದು 'ನನಗೆ ಎರಡೇ ಸಾಕವ್ವಾ' ಅಂದರು. ಅವಳು ಒಂದು ಗಳಿಗೆ ತಡೆದು 'ಏಳು ರೂಪಾಯಿ ಕೊಡ್ರಿ' ಅಂದಳು. ಪಕ್ಕದ ಹುಡುಗ 'ಆರಾಗತೈತಿ' ಅಂತ ಜಗಳಕ್ಕೆ ನಿಂತ. ಮರುದಿನ ಕ್ಲಾಸಿನಲ್ಲಿ ಅದೇ ಪಾಠ. ಒಂದು ಕಟ್ಟಿಗೆ 3 ರೂಪಾಯಿ 33 ಪೈಸೆ, ಎರಡಕ್ಕೆ 6 ರೂಪಾಯಿ 66 ಪೈಸೆ. ಸಂತೆಯಲ್ಲಿ ಪೈಸೆ ಚಿಲ್ಲರೆ ನಡೆಯಲ್ಲ, ಹಾಗಾಗಿ ಏಳೇ ಹತ್ತಿರದ ಬೆಲೆ. ಭಾಗಾಕಾರದಲ್ಲಿ ಶೇಷ ಅಂದರೆ ಏನು ಅಂತ ಆ ದಿನ ಹಿಡಿಸಿದಷ್ಟು ಬೋರ್ಡಿನ ಮೇಲೆ ಯಾವತ್ತೂ ಹಿಡಿಸಿರಲಿಲ್ಲ.

ಲಾಭ-ನಷ್ಟದ ಲೆಕ್ಕಕ್ಕೆ ಬಂದಾಗ ಆ ಹುಡುಗಿ ಖರ್ಚು 'ಸೊನ್ನೆ' ಅಂತ ಬರೆದಿದ್ದಳು. ನಮ್ಮ ಹೊಲದ್ದೇ ಕೊತ್ತಂಬರಿ ಅಂತ. ಗುಂಪಿನ ಇನ್ನೊಬ್ಬಳು ಕೇಳಿದಳು, 'ನಿಮ್ಮವ್ವ ಕಿತ್ತು ಕಟ್ಟಿದ್ದಕ್ಕ ಕೂಲಿ ಇಲ್ಲೇನು?' ಅಂತ. ಆಮೇಲೆ ಬೀಜ, ಕೂಲಿ ಎಲ್ಲ ಸೇರಿಸಿ ಮತ್ತೆ ಲೆಕ್ಕ ಹಾಕಿದರು.

ಮೈಸೂರು_ಓದುಗ:
'ನಿಮ್ಮವ್ವನ ಕೂಲಿ ಇಲ್ಲೇನು' ಅನ್ನೋ ಪ್ರಶ್ನೆ ದೊಡ್ಡವರಿಗೂ ಹೊಳೆಯಲ್ಲ. ಆ ಮಗುವಿಗೆ ನನ್ನ ನಮಸ್ಕಾರ.

ನಿವೃತ್ತ_ಹೆಡ್‌ಮಾಸ್ಟರ್:
ಮೇಷ್ಟ್ರೇ, ಚೆನ್ನಾಗಿದೆ, ಮೆಚ್ಚಿದೆ. ಒಂದು ಪ್ರಶ್ನೆಗೆ ಉತ್ತರ ಕೊಡಿ. ಚಿಲ್ಲರೆ ಲೆಕ್ಕ ಹಾಕಿದ ಮಕ್ಕಳು ಯಾರು? ಕಳೆಯೋ ಲೆಕ್ಕ ಮೊದಲೇ ಬರ್ತಿದ್ದವರು ತಾನೇ? ಬಾರದ ಮಕ್ಕಳು ಬುಟ್ಟಿ ಹೊತ್ತು ನಿಂತಿರ್ತಾರೆ. ನನ್ನ ಸರ್ವೀಸಿನಲ್ಲಿ ಎಷ್ಟೋ ಗುಂಪು ಕೆಲಸ ನೋಡಿದ್ದೇನೆ. ಜಾಣ ಮಗು ಕೆಲಸ ಮಾಡುತ್ತೆ, ಮಿಕ್ಕವರು ಹೆಸರು ಬರೆಸಿಕೊಳ್ತಾರೆ.

ಹಾವೇರಿ_ಮೇಷ್ಟ್ರು:
ಆ ಅಪಾಯ ಖಂಡಿತ ಇದೆ ಸರ್. ಅದಕ್ಕೇ ಗಲ್ಲೆಯ ಮೇಲೆ ಕೂರೋದು ಸರದಿ ಪ್ರಕಾರ, ಎಲ್ಲರೂ ಕೂರಲೇಬೇಕು ಅಂತ ಇಟ್ಟಿದ್ದೆ. ಮೊದಲ ವಾರದ ನೋಟಿನ ಆಟದಲ್ಲೇ ಯಾರಿಗೆ ದಶಕ ತಗೊಂಡು ಕಳೆಯೋದು ಬರಲ್ಲ ಅಂತ ಗೊತ್ತಾಗುತ್ತೆ. ಅಂಥವರನ್ನು ಪಕ್ಕಕ್ಕೆ ಕೂರಿಸಿ ನೇರವಾಗಿ ಹೇಳಿಕೊಟ್ಟೆ. ಪ್ರಾಜೆಕ್ಟ್ ಅಂದರೆ ಮೇಷ್ಟ್ರು ಕೈಕಟ್ಟಿ ಕೂರೋದು ಅಂತ ನಾನು ಯಾವತ್ತೂ ತಿಳಿದಿಲ್ಲ.

ಡಯಟ್_ಉಪನ್ಯಾಸಕಿ:
ಮೇಷ್ಟ್ರು ಹೇಳಿದ ಕೊನೆಯ ಮಾತಿನ ಮೇಲೆ ಪ್ರಪಂಚದಾದ್ಯಂತ ವಾದ ನಡೆದಿದೆ. 2006ರಲ್ಲಿ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಅನ್ನೋ ಮೂವರು ಶಿಕ್ಷಣ ಸಂಶೋಧಕರು ಒಂದು ಲೇಖನ ಬರೆದರು. ಹೊಸದಾಗಿ ಕಲಿಯುವವರಿಗೆ ಏನೂ ಹೇಳಿಕೊಡದೆ 'ನೀನೇ ಕಂಡುಕೋ' ಅಂತ ಬಿಟ್ಟರೆ ಕಲಿಕೆ ಆಗಲ್ಲ, ಏಕೆಂದರೆ ನಮ್ಮ ತಲೆ ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವ ವಿಷಯ ತುಂಬಾ ಕಡಿಮೆ ಅನ್ನೋದು ಅವರ ವಾದ. ಹೆಡ್‌ಮಾಸ್ಟರ್ ಸರ್ ಪರವಾಗಿ ಇದಕ್ಕಿಂತ ಗಟ್ಟಿ ವಾದ ಇಲ್ಲ.

ಆದರೆ ಪ್ರಾಥಮಿಕ ತರಗತಿಗಳಲ್ಲೇ ನಡೆದ ಒಳ್ಳೆಯ ಪ್ರಯೋಗಗಳೂ ಇವೆ. ಅಮೆರಿಕದ ಮಿಶಿಗನ್‌ನಲ್ಲಿ ನೆಲ್ ಡ್ಯೂಕ್, ಆನ್-ಲೀಸ್ ಹಾಲ್ವೊರ್ಸನ್ ಮತ್ತು ಜೊತೆಗಾರರು ಬಡ ಪ್ರದೇಶಗಳ ಶಾಲೆಗಳ ಎರಡನೇ ಕ್ಲಾಸಿನಲ್ಲಿ ಒಂದು ಪ್ರಯೋಗ ಮಾಡಿದರು. ಯಾವ ಶಿಕ್ಷಕರು ಪ್ರಾಜೆಕ್ಟ್ ಮಾಡಿಸಬೇಕು, ಯಾರು ಎಂದಿನಂತೆ ಪಾಠ ಮಾಡಬೇಕು ಅನ್ನೋದನ್ನ ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ವರ್ಷದಲ್ಲಿ 4 ಪ್ರಾಜೆಕ್ಟ್. ಒಂದರಲ್ಲಿ ಮಕ್ಕಳು ತಮ್ಮ ಊರಿನ ಪಾರ್ಕಿನಲ್ಲಿ ಏನು ಸರಿಮಾಡಬೇಕು ಅಂತ ನೋಡಿ ಸ್ಥಳೀಯ ಆಡಳಿತಕ್ಕೆ ಬರೆಯಬೇಕಿತ್ತು. ಪ್ರಾಜೆಕ್ಟ್ ಮಾಡಿದ ಮಕ್ಕಳು ಸಮಾಜ ವಿಜ್ಞಾನದಲ್ಲಿ ಶೇ. 63, ಮಾಹಿತಿ ಓದಿನಲ್ಲಿ ಶೇ. 23 ಹೆಚ್ಚು ಪ್ರಗತಿ ತೋರಿಸಿದರು. ಬರವಣಿಗೆ, ಆಸಕ್ತಿಯಲ್ಲಿ ಮಾತ್ರ ಒಟ್ಟಾರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಪಾಠದ ಯೋಜನೆಯನ್ನು ಸರಿಯಾಗಿ ಪಾಲಿಸಿದ ಶಿಕ್ಷಕರ ಕ್ಲಾಸಿನಲ್ಲಿ ಬರವಣಿಗೆ, ಆಸಕ್ತಿ ಎರಡೂ ಹೆಚ್ಚು ಬೆಳೆದಿದ್ದವು.

ಗಮನಿಸಿ, ಅಲ್ಲಿ ಪ್ರತಿ ಪಾಠಕ್ಕೂ ಶಿಕ್ಷಕರ ಕೈಯಲ್ಲಿ ಯೋಜನೆ ಇತ್ತು. ಓದಿಸೋದು, ಶಬ್ದ ಹೇಳಿಕೊಡೋದು, ಕರಡು ತಿದ್ದಿಸೋದು ಎಲ್ಲ ಅದರೊಳಗೇ ಇತ್ತು. ಮನೆಗೆ ಕಳಿಸಿದ ಮಾಡೆಲ್ ಅಲ್ಲ ಅದು.

ಇಂಜಿನಿಯರ್_ದಾವಣಗೆರೆ:
ಅಮೆರಿಕದ ಕ್ಲಾಸಿನಲ್ಲಿ ಮಕ್ಕಳು ಎಷ್ಟು, ನಮ್ಮಲ್ಲಿ ಎಷ್ಟು? ಅಲ್ಲಿ ಆಗಿದ್ದು ಇಲ್ಲಿ ಆಗುತ್ತೆ ಅಂತ ಹೇಗೆ ಹೇಳ್ತೀರಾ ಮೇಡಂ?

ಡಯಟ್_ಉಪನ್ಯಾಸಕಿ:
ಹಾಗೇ ಆಗುತ್ತೆ ಅಂತ ಹೇಳ್ತಾ ಇಲ್ಲ. ಇಂಗ್ಲೆಂಡಿನಲ್ಲಿ 11-12 ವರ್ಷದ ಮಕ್ಕಳ ಮೇಲೆ ಮಾಡಿದ ಒಂದು ಪ್ರಯೋಗದ ವರದಿ 2016ರಲ್ಲಿ ಬಂತು. ಅಲ್ಲಿ ಓದು-ಬರಹದಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಬಡ ಮಕ್ಕಳಿಗೆ ಹಿನ್ನಡೆಯಾಗಿರಬಹುದು ಅನ್ನೋ ಸೂಚನೆಯೂ ಇತ್ತು. ಹಾಗಾಗಿ ಪ್ರಾಜೆಕ್ಟ್ ಅಂದ ತಕ್ಷಣ ಒಳ್ಳೆಯದು ಅಂತ ಒಪ್ಪಬೇಕಿಲ್ಲ. ಯಾರು, ಹೇಗೆ, ಯಾವ ತಯಾರಿಯಲ್ಲಿ ಮಾಡಿಸಿದರು ಅಂತ ಕೇಳಬೇಕು.

ತುಮಕೂರು_ಗೆಳೆಯ:
ಇದೆಲ್ಲ ವಿದೇಶದ್ದು ಅಂತ ಯಾಕೆ ಅಂದ್ಕೋತೀರಿ? ಗಾಂಧೀಜಿ ನಯೀ ತಾಲೀಮ್ ಹೇಳಲಿಲ್ವಾ? ಎಲ್ಲರಿಗಿಂತ ಮೊದಲು ಹೇಳಿದ್ದು ಅವರೇ.

ಮೈಸೂರು_ಓದುಗ:
ಎಲ್ಲರಿಗಿಂತ ಮೊದಲು ಅಲ್ಲ. ಗಾಂಧೀಜಿ ನಯೀ ತಾಲೀಮ್ ಮುಂದಿಟ್ಟ ವಾರ್ಧಾ ಸಮ್ಮೇಳನ ನಡೆದದ್ದು 1937ರಲ್ಲಿ. ಅಮೆರಿಕದ ಶಿಕ್ಷಣತಜ್ಞ ಕಿಲ್ಪ್ಯಾಟ್ರಿಕ್ 'ಪ್ರಾಜೆಕ್ಟ್ ವಿಧಾನ'ದ ಬಗ್ಗೆ ಬರೆದದ್ದು 1918ರಲ್ಲಿ. ಅದಕ್ಕೂ ಮುಂಚೆ 1896ರಲ್ಲೇ ಜಾನ್ ಡ್ಯೂಯಿ ಶಿಕಾಗೋದಲ್ಲಿ ಪ್ರಯೋಗ ಶಾಲೆ ತೆರೆದಿದ್ದರು. ಆದರೆ ನಯೀ ತಾಲೀಮ್ ಬೇರೆ. ಅಲ್ಲಿ ನೂಲೋದು, ಬೇಸಾಯದಂಥ ಒಂದು ಕಸುಬೇ ವರ್ಷವಿಡೀ ಪಾಠದ ಕೇಂದ್ರ. ನೂಲಿನಿಂದ ಲೆಕ್ಕ, ಹತ್ತಿಯಿಂದ ಭೂಗೋಳ.

ತುಮಕೂರು_ಗೆಳೆಯ:
ಸರಿ, ವರ್ಷ ಬಿಡಿ. ಕೈಕೆಲಸದಿಂದ ಲೆಕ್ಕ ಕಲಿಸೋದು ನಮ್ಮ ನೆಲಕ್ಕೆ ಹೊಸದಲ್ಲ ಅನ್ನೋದಷ್ಟೇ ನನ್ನ ಮಾತು.

ಕೋಟೆ_ನಲಿಕಲಿ:
ನಮ್ಮ ರಾಜ್ಯದ್ದೇ ಉದಾಹರಣೆ ಯಾರೂ ಎತ್ತಲಿಲ್ಲವಲ್ಲ! ಕಾರ್ಡುಗಳಿಂದ ಮಕ್ಕಳು ಹಂತ ಹಂತವಾಗಿ ಕಲಿಯೋ ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ನಮ್ಮ ಹೆಗ್ಗಡದೇವನ ಕೋಟೆ ತಾಲ್ಲೂಕಿನಲ್ಲಿ. ಯುನಿಸೆಫ್ ಸಹಾಯ ಇತ್ತು. ಆಂಧ್ರದ ರಿಷಿವ್ಯಾಲಿಯ ಕೆಲಸ ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆ ವಿಸ್ತರಿಸಿದರು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬಹುದು. ಜ್ವರ ಬಂದು ವಾರ ಬಿಟ್ಟರೂ ನಿಂತ ಕಾರ್ಡಿನಿಂದಲೇ ಶುರು ಮಾಡಬಹುದು.

ನಿವೃತ್ತ_ಹೆಡ್‌ಮಾಸ್ಟರ್:
ನಲಿ-ಕಲಿ ಬಂದ ಮೇಲೆ ಮಕ್ಕಳ ಕಾಗುಣಿತ ಕೆಟ್ಟಿತು ಅಂತ ಎಷ್ಟು ಪೋಷಕರು ನನ್ನ ಹತ್ತಿರ ಬಂದು ಅತ್ತಿದ್ದಾರೆ ಗೊತ್ತಾ?

ಕೋಟೆ_ನಲಿಕಲಿ:
ಸರ್, ಮೂರು ತರಗತಿಗೆ ಒಬ್ಬರೇ ಶಿಕ್ಷಕರನ್ನು ಕೊಟ್ಟು, ಹರಿದ ಕಾರ್ಡು ಬದಲಾಯಿಸದೆ, ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿ ಕಂಪ್ಯೂಟರಿಗೆ ಹಾಕೋ ಎಸ್‌ಎಟಿಎಸ್ ಎಂಟ್ರಿ ಎಲ್ಲ ಅವರ ತಲೆಗೇ ಕಟ್ಟಿದರೆ ಯಾವ ಪದ್ಧತಿ ನಿಲ್ಲುತ್ತೆ? ತಪ್ಪನ್ನು ಕಾರ್ಡಿನ ಮೇಲೆ ಹಾಕಬೇಡಿ.

ಡಯಟ್_ಉಪನ್ಯಾಸಕಿ:
ಇಬ್ಬರಿಗೂ ಒಂದು ಮಾತು. ನಲಿ-ಕಲಿ ಚಟುವಟಿಕೆ ಆಧಾರಿತ ಕಲಿಕೆ. ಪ್ರಾಜೆಕ್ಟ್ ಅಂದರೆ ಒಂದೇ ಪ್ರಶ್ನೆಯ ಹಿಂದೆ ಕೆಲವು ವಾರ ಹೋಗಿ, ಕೊನೆಗೆ ಬೇರೆಯವರ ಮುಂದಿಡುವಂಥದ್ದೇನಾದರೂ ಮಾಡೋದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಬೇಡ.

ಜಯನಗರ_ಮಾಮ:
ನೀತಿ ನೀತಿ ಅಂತೀರಲ್ಲ, ಕರ್ನಾಟಕ 2023ರಲ್ಲೇ ತನ್ನದೇ ಶಿಕ್ಷಣ ನೀತಿಗೆ ಆಯೋಗ ಮಾಡಿತು. ಕೇಂದ್ರದ ನೀತಿ ಇಲ್ಲಿ ಯಾಕೆ ಬರುತ್ತೆ?

ನಿರ್ವಾಹಕ:
ರಾಜಕೀಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಮಕ್ಕಳ ಕಲಿಕೆ ಮಾತ್ರ.

ಖಾಸಗಿ_ಟೀಚರ್:
ಜಯನಗರ ಸರ್‌ಗೆ ಒಂದೇ ಸಾಲು: 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲೇ ಚಟುವಟಿಕೆ, ಅನ್ವೇಷಣೆ ಮೂಲಕ ಕಲಿಕೆ ಅಂತ ಇದೆ. ನೀತಿ ಯಾವುದೇ ಇರಲಿ, ಅದು ಕಾನೂನು.

ಈಗ ಬನಶಂಕರಿ ಅಕ್ಕನಿಗೆ. ನಾನು ಮೂರನೇ, ನಾಲ್ಕನೇ ಕ್ಲಾಸಿಗೆ ಪಾಠ ಮಾಡ್ತೇನೆ. ನಮ್ಮ ಕಷ್ಟವೂ ಕೇಳಿ. ಓಪನ್ ಡೇ ದಿನ ಟೇಬಲ್ ಮೇಲೆ ಅಂದವಾದ ಮಾಡೆಲ್ ಇರಬೇಕು, ಅದರ ಫೋಟೋ ಶಾಲೆಯ ಪೇಜಿಗೆ ಹೋಗಬೇಕು. ಮಕ್ಕಳೇ ಮಾಡಿದ್ದು ಸೊಟ್ಟಗಿರುತ್ತೆ. ಸೊಟ್ಟಗಿದ್ದರೆ ಆಡಳಿತದವರು 'ಏನು ಟೀಚರ್ ಇದು' ಅಂತಾರೆ. ಪೋಷಕರೂ ಪಕ್ಕದ ಮಗುವಿನ ಮಾಡೆಲ್ ನೋಡಿ ಬೇಜಾರಾಗ್ತಾರೆ. ಹಾಗಾಗಿ ಕೆಲಸ ಮನೆಗೆ ಹೋಗುತ್ತೆ. ಟೀಚರ್‌ಗೂ ಇದು ಇಷ್ಟವಿಲ್ಲ, ನಂಬಿ.

ಬನಶಂಕರಿ_ಅಮ್ಮ:
ಇದು ಹೊಳೆದಿರಲಿಲ್ಲ. ಅಂದರೆ ನಾವು ಪೋಷಕರೇ 'ಸೊಟ್ಟಗಿದ್ದರೂ ಪರವಾಗಿಲ್ಲ, ಶಾಲೆಯಲ್ಲೇ ಮಾಡಿಸಿ' ಅಂತ ಬರೆದುಕೊಟ್ಟರೆ ನಿಮಗೆ ಸಹಾಯ ಆಗುತ್ತಾ?

ಖಾಸಗಿ_ಟೀಚರ್:
ತುಂಬಾ ಆಗುತ್ತೆ. ಹತ್ತು ಜನ ಪೋಷಕರು ಸಹಿ ಹಾಕಿದರೆ ಆಡಳಿತದವರು ಕೇಳ್ತಾರೆ. ಜೊತೆಗೆ ಅಂಕ ಮಾಡೆಲ್‌ಗೆ ಬೇಡ, ಮಗು ವಿವರಿಸಿದ್ದಕ್ಕೆ ಕೊಡಿ ಅಂತಲೂ ಸೇರಿಸಿ.

ಇಂಜಿನಿಯರ್_ದಾವಣಗೆರೆ:
ಅಕ್ಕ, ನಿಮ್ಮ ಮಗಳಿಗೆ ಇಗ್ಲೂ ಪ್ರಶ್ನೆಯ ಉತ್ತರ ಇನ್ನೂ ಸಿಕ್ಕಿಲ್ಲ ಅಲ್ವಾ? ಹಿಮದೊಳಗೆ ಗಾಳಿ ಸಿಕ್ಕಿಕೊಂಡಿರುತ್ತೆ. ಆ ಗಾಳಿ ಒಳಗಿನ ಶಾಖ ಬೇಗ ಹೊರಗೆ ಹೋಗೋಕೆ ಬಿಡಲ್ಲ. ಸ್ವಾರಸ್ಯ ಏನಂದ್ರೆ ನೀವು ಕತ್ತರಿಸಿದ ಥರ್ಮಾಕೋಲೂ ಬಹುಪಾಲು ಗಾಳಿಯೇ. ಉಳಿದ ಚೂರುಗಳಿಂದ ಒಂದು ಚಿಕ್ಕ ಡಬ್ಬಿ ಮಾಡಿ. ಅದರೊಳಗೆ ಒಂದು ಐಸ್ ತುಂಡು, ಸ್ಟೀಲ್ ಬಟ್ಟಲಲ್ಲಿ ಇನ್ನೊಂದು. ಯಾವುದು ಮೊದಲು ಕರಗುತ್ತೆ ಅಂತ ಅವಳೇ ಮೊದಲು ಊಹೆ ಮಾಡಿ ಬರೆಯಲಿ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ ನೋಡಿ ಬರೆಯಲಿ.

ಕರಾವಳಿ_ಅಪ್ಪ:
ಓ, ಮಲ್ಪೆಯಲ್ಲಿ ಮೀನು ಸಾಗಿಸೋ ಡಬ್ಬಿ ಥರ್ಮಾಕೋಲಿನದ್ದೇ ಇರೋದು ಇದಕ್ಕೇ ಅಲ್ವಾ! ನನ್ನ ಮಗನಿಗೆ ಅದನ್ನೇ ತೋರಿಸ್ತೀನಿ.

ಚಾರ್ಟ್_ಅಂಗಡಿ:
ಪ್ರದರ್ಶನ ಮುಗಿದ ಮಾರನೇ ದಿನ ಶಾಲೆ ಹಿಂದಿನ ಮೋರಿ ನೋಡಬೇಕು ನೀವು. ಥರ್ಮಾಕೋಲ್ ಕರಗಲ್ಲ, ಪುಡಿಯಾಗಿ ಎಲ್ಲ ಕಡೆ ಹಾರುತ್ತೆ. ಹಳೇ ರಟ್ಟಿನ ಡಬ್ಬದಲ್ಲೇ ಮಾಡಿ ಅಂತ ಶಾಲೆಯವರು ಒಂದು ಮಾತು ಹೇಳಬಾರದಾ?

ಶಿರಸಿ_ತಾಯಿ:
ನನ್ನ ಅನುಭವ ಬೇರೆ. ನನ್ನ ಮಗನಿಗೆ ಓದೋದು ನಿಧಾನ. ಕ್ಲಾಸಿನಲ್ಲಿ ಯಾವಾಗಲೂ ಕೊನೆ. ಹೋದ ವರ್ಷ ಅವರ ಶಾಲೆಯಲ್ಲಿ ಕೈತೋಟದ ಪ್ರಾಜೆಕ್ಟ್ ಮಾಡಿಸಿದರು. ಮಡಿ ಅಳೆಯೋದು, ಬೀಜದ ನಡುವಿನ ಅಂತರ, ವಾರಕ್ಕೊಮ್ಮೆ ಬೆಂಡೆ ಗಿಡದ ಎತ್ತರ ಬರೆಯೋದು. ಟೇಪು ಹಿಡಿಯೋ ಕೆಲಸ ಇವನದು. ಶಾಲೆಗೆ ಹೋಗೋಕೆ ಅಳೋ ಮಗು ರಜಾ ದಿನವೂ ಗಿಡ ನೋಡೋಕೆ ಹೋಗಬೇಕು ಅಂತಿದ್ದ. ಇಂಥ ಮಕ್ಕಳಿಗೆ ಪುಸ್ತಕ ಮಾತ್ರ ಇಟ್ಟರೆ ಅವರ ಜಾಣತನ ಯಾರಿಗೂ ಕಾಣಲ್ಲ.

ನಿವೃತ್ತ_ಹೆಡ್‌ಮಾಸ್ಟರ್:
ತಾಯಿ, ಕೇಳಿ ಸಂತೋಷವಾಯಿತು. ಕೇಳಲೇಬೇಕಾದ ಪ್ರಶ್ನೆ ಕೇಳ್ತೀನಿ, ತಪ್ಪು ತಿಳೀಬೇಡಿ. ಈಗ ಅವನು ಓದ್ತಾನಾ?

ಶಿರಸಿ_ತಾಯಿ:
ತಪ್ಪು ತಿಳಿಯಲ್ಲ ಸರ್. ಗಿಡದಿಂದ ಓದು ಬರಲಿಲ್ಲ. ಅವನ ಟೀಚರ್ ದಿನಾ ಇಪ್ಪತ್ತು ನಿಮಿಷ ಬೇರೆಯಾಗಿ ಒತ್ತಕ್ಷರ ಓದಿಸಿದರು, ಅದರಿಂದ ಬಂತು. ಆದರೆ ಅವನು ಆ ಇಪ್ಪತ್ತು ನಿಮಿಷ ಕೂತದ್ದು ಗಿಡದ ದಿನಚರಿ ತಾನೇ ಓದಬೇಕು ಅನ್ನೋ ಆಸೆಗೆ. ಬೀಜದ ಪೊಟ್ಟಣದ ಮೇಲಿನದ್ದನ್ನು ಓದೋಕೆ ಒದ್ದಾಡ್ತಿದ್ದ. ಎರಡೂ ಬೇಕು ಸರ್.

ನಿವೃತ್ತ_ಹೆಡ್‌ಮಾಸ್ಟರ್:
ಇದನ್ನು ಒಪ್ಪುತ್ತೇನೆ. ದಿನಾ ಓದಿಸೋದನ್ನು ಬಿಡದೆ ಮಾಡಿಸಿದರೆ ನನ್ನ ವಿರೋಧ ಇಲ್ಲ. ಬಿಟ್ಟು ಮಾಡಿಸೋದೇ ಜಾಸ್ತಿ, ಅದಕ್ಕೆ ವಿರೋಧ.

ಬಳ್ಳಾರಿ_ಅಕ್ಕ:
ಗುಂಪು ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಯಾವಾಗಲೂ ಬಣ್ಣ ಹಚ್ಚೋದು, ಅಕ್ಷರ ಬರೆಯೋದು. ಅಳೆಯೋದು, ವೈರ್ ಜೋಡಿಸೋದು ಹುಡುಗರಿಗೆ. ಯಾರಾದರೂ ಗಮನಿಸಿದ್ದೀರಾ? ನನ್ನ ಮಗಳು ಬಲ್ಬು ಹತ್ತಿಸೋಕೆ ಕೇಳಿದರೆ 'ನೀನು ಬಾರ್ಡರ್ ಬರೆ' ಅಂದರಂತೆ.

ಹಾವೇರಿ_ಮೇಷ್ಟ್ರು:
ಗಮನಿಸಿದ್ದೇನೆ ಅಕ್ಕ. ಬಿಟ್ಟರೆ ಹಾಗೇ ಆಗುತ್ತೆ. ಕೆಲಸವನ್ನು ವಾರಕ್ಕೊಮ್ಮೆ ಬದಲಾಯಿಸಲೇಬೇಕು. ಸಂತೆಯಲ್ಲಿ ತಕ್ಕಡಿಯೂ ಸರದಿಯಲ್ಲೇ ಇತ್ತು.

ಬನಶಂಕರಿ_ಅಮ್ಮ:
ಶಾಲೆಗೆ ಪತ್ರ ಬರೆದೆವು, ಪೋಷಕರು ಕೆಲವರು ಸಹಿ ಹಾಕಿದರು. ಇನ್ನು ಮುಂದೆ ಪ್ರಾಜೆಕ್ಟ್ ಶಾಲೆಯಲ್ಲೇ, ವಾರಕ್ಕೆ ಎರಡು ಪೀರಿಯಡ್ ಅಂತ ಒಪ್ಪಿದ್ದಾರೆ. ಕ್ಲಾಸ್ ಟೀಚರ್‌ಗೆ ಖುಷಿಯಾಗಿದೆ. ಆದರೆ 'ಮನೆಗಳ ವಿಧಗಳು' ಪಾಠವನ್ನೇ ಸರಿಯಾಗಿ ಮಾಡಿಸೋದು ಹೇಗೆ ಅಂತ ಅವರೇ ಕೇಳ್ತಿದ್ದಾರೆ. ಮೇಷ್ಟ್ರೇ, ಏನಾದರೂ ಹೇಳ್ತೀರಾ?

ಹಾವೇರಿ_ಮೇಷ್ಟ್ರು:
ಇಗ್ಲೂ ಬಿಟ್ಟು ನಿಮ್ಮ ಬೀದಿಗೆ ಬನ್ನಿ. ಪ್ರತಿ ಮಗು ಮನೆ ಹತ್ತಿರದ ಹತ್ತು ಮನೆ ನೋಡಲಿ. ಛಾವಣಿ ಆರ್‌ಸಿಸಿಯೋ, ಶೀಟೋ, ಹೆಂಚೋ? ಎಷ್ಟು ಕಿಟಕಿ? ಯಾವ ದಿಕ್ಕಿಗೆ ಬಾಗಿಲು? ಕ್ಲಾಸಿನಲ್ಲಿ ಎಲ್ಲರದ್ದೂ ಸೇರಿಸಿ ಪಟ್ಟಿ, ಆಮೇಲೆ ಕಂಬ ನಕ್ಷೆ. ಅಲ್ಲಿಗೆ ಗಣಿತ ಬಂತು. ಅಜ್ಜ-ಅಜ್ಜಿಯರಿಗೆ ಕೇಳೋಕೆ ಮಕ್ಕಳೇ ಪ್ರಶ್ನೆ ಬರೆಯಲಿ: ನೀವು ಚಿಕ್ಕವರಿದ್ದಾಗ ಮನೆ ಯಾವುದರಿಂದ ಕಟ್ಟಿತ್ತು, ಮಣ್ಣು ಎಲ್ಲಿಂದ ತಂದಿರಿ, ಮಳೆಗಾಲದಲ್ಲಿ ಏನು ಮಾಡ್ತಿದ್ರಿ. ಉತ್ತರ ಒಂದು ಪುಟ ಬರೆದು, ಗೆಳೆಯರು ತಿದ್ದಿ, ಮತ್ತೆ ಬರೆಯಲಿ. ಅಲ್ಲಿಗೆ ಕನ್ನಡ ಬಂತು. ಇಡೀ ಕೆಲಸಕ್ಕೆ ಒಂದೇ ಪ್ರಶ್ನೆ ಇಡಿ: ನಮ್ಮ ಊರಿನ ಸೆಕೆಗೆ ಯಾವ ಛಾವಣಿ ಒಳ್ಳೇದು? ಮಧ್ಯಾಹ್ನ ಎರಡು ಗಂಟೆಗೆ ಶೀಟಿನ ಕೆಳಗೆ, ಆರ್‌ಸಿಸಿ ಕೆಳಗೆ, ಮರದ ನೆರಳಲ್ಲಿ ಉಷ್ಣಾಂಶ ಅಳೆದು ಬರೆಯಲಿ.

ಡಯಟ್_ಉಪನ್ಯಾಸಕಿ:
ಚೆನ್ನಾಗಿದೆ. ಒಂದು ಎಚ್ಚರ: ಶೀಟ್ ಮನೆಯ ಮಕ್ಕಳು ಕ್ಲಾಸಿನಲ್ಲಿರುತ್ತಾರೆ. 'ಯಾರ ಮನೆ ಹೇಗಿದೆ' ಅಂತ ಹೆಸರು ಹಿಡಿದು ಕೇಳೋದು ಬೇಡ. ಲೆಕ್ಕದಲ್ಲಿ ಬೀದಿಯ ಮನೆಗಳಿರಲಿ, ಮಕ್ಕಳ ಹೆಸರು ಬೇಡ.

ಹಾವೇರಿ_ಮೇಷ್ಟ್ರು:
ಖಂಡಿತ ಮೇಡಂ, ಇದು ಮುಖ್ಯ. ಟೀಚರ್‌ಗೆ ಇದನ್ನೂ ತಿಳಿಸಿ ಅಕ್ಕ.

ಬನಶಂಕರಿ_ಅಮ್ಮ:
ತಿಳಿಸ್ತೀನಿ. ಉಷ್ಣಾಂಶ ಅಳೆಯೋಕೆ ಮನೆಯಲ್ಲಿರೋ ಜ್ವರದ ಥರ್ಮಾಮೀಟರ್ ಆಗುತ್ತಾ?

ಇಂಜಿನಿಯರ್_ದಾವಣಗೆರೆ:
ಆಗಲ್ಲ. ಜ್ವರದ್ದು ಸುಮಾರು 35ರಿಂದ 42 ಡಿಗ್ರಿ ಸೆಲ್ಸಿಯಸ್ ಮಾತ್ರ ತೋರಿಸುತ್ತೆ. ಗೋಡೆಗೆ ನೇತುಹಾಕೋ ಥರ್ಮಾಮೀಟರ್ ತಗೊಳ್ಳಿ. ಪಾದರಸದ್ದು ಬೇಡ, ಒಡೆದರೆ ಮಕ್ಕಳಿಗೆ ಅಪಾಯ. ಕೆಂಪು ಬಣ್ಣದ ದ್ರವ ಇರೋದು ಸಾಕು. ಪ್ರತಿ ಜಾಗದಲ್ಲೂ ಐದು ನಿಮಿಷ ಬಿಟ್ಟು ಓದಬೇಕು, ನೇರ ಬಿಸಿಲು ಬೀಳಬಾರದು.

ಚಾರ್ಟ್_ಅಂಗಡಿ:
ಅದು ನಮ್ಮಂಥ ಅಂಗಡಿಯಲ್ಲಿ ಸಿಗಲ್ಲ. ಲ್ಯಾಬ್ ಸಾಮಾನು ಮಾರೋ ಅಂಗಡಿಯಲ್ಲಿ ಕೇಳಿ. ಗುಂಪಿಗೊಂದು ಸಾಕು, ಎಲ್ಲ ಮಕ್ಕಳೂ ಕೊಳ್ಳೋದು ಬೇಡ.